ಈ ಪುಸ್ತಕದಲ್ಲಿ ಯೇಸು ಯಾರು?

ಹೊಸದಾಗಿ ಬಂದ ಒಳ್ಳೆಯ ಕ್ರೈಸ್ತ ಕಾದಂಬರಿ ಯಾವುದಾದರೂ ಇದ್ದರೆ ಹೇಳಿ ಎಂದು ಯಾರಾದರೂ ಕೇಳಿದಾಗ ಸಂತೋಷಪಡುತ್ತಿದ್ದ ಕಾಲವೊಂದು ನನಗೂ ಇತ್ತು. ಈಗ ಆ ಪ್ರಶ್ನೆ ಕಿವಿಗೆ ಬಿದ್ದೊಡನೆ ಬಾಗಿಲು ಯಾವ ಕಡೆಗಿದೆ ಎಂದು ನೋಡುತ್ತೇನೆ. ಪುಸ್ತಕದ ಹೆಸರು ಹೇಳಿದ ಮಾತ್ರಕ್ಕೆ ಈ ಕೆಲಸ ಮುಗಿಯುವುದಿಲ್ಲ. ಅದರ ಜೊತೆಗೆ ನಾಯಕನ ನಡತೆಗೆ, ನಾಯಕಿಯ ಉಡುಪಿಗೆ, ಲೇಖಕರ ದೈವಶಾಸ್ತ್ರಕ್ಕೆ ಮತ್ತು ಕೊನೆಯ ಅಧ್ಯಾಯದೊಳಗೆ ದಾರಿ ತಪ್ಪಿದವರೆಲ್ಲರೂ ಮನಸ್ಸು ತಿರುಗಿಸಿಕೊಂಡು ದೇವರ ಬಳಿಗೆ ಬರುತ್ತಾರೆ ಎಂಬುದಕ್ಕೆ ನಾನೇ ಜಾಮೀನು ನಿಲ್ಲಬೇಕಾಗುತ್ತದೆ. ಸಭೆಯ ಓದುಗರ ಬಳಗದ ಕಪಾಟಿನ ಬೀಗದ ಕೈ ನನ್ನ ಬಳಿ ಇದೆ ಎಂಬ ಒಂದೇ ಕಾರಣಕ್ಕೆ, ಆ ಕಪಾಟಿನೊಳಗೆ ಯಾವ ಪಾತ್ರ ಯಾವ ಪಾಪ ಮಾಡಿದರೂ ಉತ್ತರ ಕೊಡಬೇಕಾದವಳು ನಾನು.

ಈ ವಾರದ್ದು ಇನ್ನೂ ಮನಸ್ಸಿನಲ್ಲಿ ಕುದಿಯುತ್ತಿದೆ. ಆರಾಧನೆ ಮುಗಿದು ಎಲ್ಲರೂ ಹೊರಡುತ್ತಿದ್ದಾಗ ತಾಯಿಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ಹದಿನಾಲ್ಕು ವರ್ಷದ ಮಗನಿಗೆ ಒಂದು ಪುಸ್ತಕ ಬೇಕೆಂದರು. ಮಾಟಮಂತ್ರ ಇರಬಾರದು, ಪ್ರೀತಿ ಪ್ರೇಮದ ಗೊಡವೆ ಬೇಡ, ಯುದ್ಧ ಬೇಡ, ಯಾರೂ ಸಾಯಬಾರದು, ತಂದೆತಾಯಿಗೆ ಎದುರು ಮಾತನಾಡುವ ಮಕ್ಕಳಂತೂ ಬರಲೇಬಾರದು. ಆದರೆ ಕೈಯಲ್ಲಿರುವ ಮೊಬೈಲನ್ನು ಮರೆತು ರಾತ್ರಿಯೆಲ್ಲ ಓದುವಷ್ಟು ರೋಮಾಂಚಕವಾಗಿರಬೇಕು. ಈ ನಿಬಂಧನೆಗಳಲ್ಲಿ ರೋಮಾಂಚನವೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ಒಪ್ಪುವ ಪುಸ್ತಕವೆಂದರೆ ಮಗ್ಗಿ ಪುಸ್ತಕ ಎಂದು ಹೇಳುವ ಆಸೆಯನ್ನು ಬಹಳ ಪ್ರಯಾಸದಿಂದ ಅದುಮಿಕೊಂಡೆ. ಅದೇ ಹುಡುಗ ಮೊನ್ನೆ ಮೊನ್ನೆ ಭಾನುವಾರದ ಶಾಲೆಯಲ್ಲಿ ಬೈಬಲಿನ ನ್ಯಾಯಸ್ಥಾಪಕರ ಪುಸ್ತಕದ ನಾಲ್ಕನೆಯ ಅಧ್ಯಾಯವನ್ನು ಕೇಳಿ, ನಿದ್ರಿಸುತ್ತಿದ್ದ ಸೀಸೆರನ ಕಣತಲೆಗೆ ಯಾಯೇಲಳು ಗುಡಾರದ ಗೂಟವನ್ನು ಬಡಿಯುವ ದೃಶ್ಯವನ್ನು ಬಿಡಿಸಿದ್ದ. ಕೆಂಪು ಬಣ್ಣವನ್ನು ಧಾರಾಳವಾಗಿ ಬಳಸಿದ್ದ ಆ ಚಿತ್ರವನ್ನು ಇದೇ ತಾಯಿ ಎಲ್ಲರಿಗೂ ತೋರಿಸಿ ಹಿಗ್ಗಿದ್ದರು.

ದೊಡ್ಡವರ ಬೇಡಿಕೆ ಇದಕ್ಕಿಂತ ಸರಳವಾದದ್ದು. ಕಳೆದ ಸಲ ಓದಿದಂಥದ್ದೇ ಬೇಕು, ಆದರೆ ಹೊಸದಾಗಿರಬೇಕು. 1997ರಲ್ಲಿ ಬೆವರ್ಲಿ ಲೂಯಿಸ್ ಅವರ ‘ದಿ ಶನಿಂಗ್’ ಬಂದು ಆಮಿಶ್ ಕಥೆಗಳಿಗೆ ದಾರಿ ತೆರೆದ ಮೇಲೆ, ಕಾರು ಬೇಡವೆಂದು ಕುದುರೆಗಾಡಿಯಲ್ಲಿ ಓಡಾಡುವ ಆ ಕ್ರೈಸ್ತ ಸಮುದಾಯದ ಬಗ್ಗೆ, ಬಹುಪಾಲು ಆ ಸಮುದಾಯಕ್ಕೆ ಸೇರದವರೇ ಬರೆದ ಕಾದಂಬರಿಗಳು ಎಷ್ಟು ಬಂದಿವೆಯೆಂದರೆ, ಮುಖಪುಟ ನೋಡಿ ಒಂದರಿಂದ ಇನ್ನೊಂದನ್ನು ಬೇರ್ಪಡಿಸುವುದು ನನ್ನಿಂದ ಆಗದ ಕೆಲಸ. ಎಲ್ಲದರ ಮೇಲೂ ತಲೆಗೆ ಬಿಳಿಯ ಟೋಪಿ ಕಟ್ಟಿದ ತರುಣಿಯೊಬ್ಬಳು ಹೊಲದ ಅಂಚಿನಲ್ಲಿ ನಿಂತು ದೂರಕ್ಕೆ ದೃಷ್ಟಿ ನೆಟ್ಟಿರುತ್ತಾಳೆ. ನಮ್ಮ ಸದಸ್ಯೆಯೊಬ್ಬರು ಅಂಥ ಒಂದನ್ನು ಪೂರ್ತಿ ಓದಿ, ಮೆಚ್ಚಿ, ಹಿಂತಿರುಗಿಸಿ, ಕೆಲವು ವಾರಗಳ ನಂತರ ಅದೇ ಪುಸ್ತಕವನ್ನು ಬೇರೆಯದೆಂದುಕೊಂಡು ತೆಗೆದುಕೊಂಡು ಹೋದರು. ತಂದುಕೊಡುವಾಗ, ಇದು ಮೊದಲಿನದಕ್ಕಿಂತ ಚೆನ್ನಾಗಿದೆ ಎಂದರು. ನಾನು ತಿದ್ದಲಿಲ್ಲ. ಸುಖವಾಗಿರುವವರನ್ನು ಏಕೆ ಕೆದಕಬೇಕು?

ಇವರೆಲ್ಲರನ್ನೂ ಸಹಿಸಬಹುದು. ನನ್ನ ತಾಳ್ಮೆಯನ್ನು ನಿಜವಾಗಿ ಪರೀಕ್ಷಿಸುತ್ತಿರುವವರು ಬಳಗದ ಹಿರಿಯರೊಬ್ಬರು. ಅವರು ಸಜ್ಜನರು, ಪುಟದ ಮೂಲೆ ಮಡಚದವರು, ಕೊಟ್ಟ ಪುಸ್ತಕವನ್ನು ಹೇಳಿದ ದಿನಕ್ಕೆ ಹಿಂತಿರುಗಿಸುವ ಅಪರೂಪದ ಮನುಷ್ಯರು. ಅವರದು ಒಂದೇ ಒಂದು ಅಭ್ಯಾಸ. ಯಾವ ಕಾದಂಬರಿಯನ್ನು ಕೈಗಿತ್ತರೂ, ಅದನ್ನು ತೆರೆಯುವ ಮೊದಲೇ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ ಕೇಳುತ್ತಾರೆ: “ಸಿಸ್ಟರ್, ಇದರಲ್ಲಿ ಯೇಸು ಯಾರು?”

ಈ ಪೀಡೆಗೆ ಮೂಲ ಒಂದು ಸಿಂಹ. ಸಿ. ಎಸ್. ಲೂಯಿಸ್ ಅವರು 1950ರಿಂದ 1956ರವರೆಗೆ ವರ್ಷಕ್ಕೊಂದರಂತೆ ಪ್ರಕಟಿಸಿದ ನಾರ್ನಿಯಾ ಕಥೆಗಳ ಮೊದಲ ಪುಸ್ತಕದಲ್ಲಿ, ಆಸ್ಲನ್ ಎಂಬ ಸಿಂಹವು ಹುಡುಗನೊಬ್ಬನ ದ್ರೋಹಕ್ಕೆ ಬದಲಾಗಿ ತಾನು ಸತ್ತು ಮತ್ತೆ ಎದ್ದು ಬರುತ್ತದೆ. ಅಲ್ಲಿ ಹಿರಿಯರ ಪ್ರಶ್ನೆಗೆ ಉತ್ತರ ಸಲೀಸಾಗಿ ಸಿಕ್ಕಿತು. ಅದಕ್ಕೂ ಮುಂಚೆ ಅವರು ಓದಿ ತಲೆದೂಗಿದ್ದು 1678ರಲ್ಲಿ ಬಂದ ಜಾನ್ ಬನ್ಯನ್ ಅವರ ‘ಪಿಲ್ಗ್ರಿಮ್ಸ್ ಪ್ರೋಗ್ರೆಸ್’ ಕೃತಿಗೆ. ಅದರಲ್ಲಂತೂ ಯಾತ್ರಿಕನ ಹೆಸರೇ ಕ್ರಿಶ್ಚಿಯನ್, ಹಠಮಾರಿಯ ಹೆಸರು ಹಠಮಾರಿ, ಯಾತ್ರಿಕನು ಹೂತುಹೋಗುವ ಕೆಸರಿನ ಹೆಸರು ನಿರಾಶೆ. ಯಾರು ಯಾರೆಂದು ಲೇಖಕರೇ ಚೀಟಿ ಅಂಟಿಸಿ ಕೊಟ್ಟಿದ್ದಾರೆ. ಆ ಸೌಕರ್ಯದ ರುಚಿ ಕಂಡವರಿಗೆ ಆಮೇಲಿನ ಮುನ್ನೂರು ಚಿಲ್ಲರೆ ವರ್ಷಗಳ ಸಾಹಿತ್ಯವೆಲ್ಲ ಲೇಖಕರ ಸೋಮಾರಿತನವಾಗಿ ಕಾಣುವುದು ಸಹಜವೇ.

ಅಂದಿನಿಂದ ಹುಡುಕಾಟ ನಿಂತಿಲ್ಲ. ವಲಸೆ ಹೋಗುವ ಕುಟುಂಬದ ಕಥೆಯಲ್ಲಿ ಹಿರಿಯರು ದೋಣಿಯ ಚುಕ್ಕಾಣಿ ಹಿಡಿದವನನ್ನು ಗೊತ್ತುಮಾಡಿದರು. ಶಾಲಾಮಕ್ಕಳ ಕಥೆಯಲ್ಲಿ ಗಂಟೆ ಬಾರಿಸುವ ಜವಾನನನ್ನು ಹಿಡಿದರು. ಒಂದು ಪ್ರೇಮಕಥೆಯಲ್ಲಿ ಯಾವ ಮನುಷ್ಯನೂ ಅಳತೆಗೆ ಸರಿಹೊಂದದೆ, ಕೊನೆಗೆ ನಡುಮನೆಯ ಮೂಲೆಯಲ್ಲಿದ್ದ ದೊಡ್ಡ ಗಡಿಯಾರವನ್ನು ಆರಿಸಿಕೊಂಡರು. ಅದು ನಿಂತುಹೋಗಿ ಮೂರನೆಯ ದಿನ ಮತ್ತೆ ನಡೆಯತೊಡಗಿತಂತೆ. ರಿಪೇರಿಯವನು ಬಂದು ಕೀಲಿ ಕೊಟ್ಟಿದ್ದರಿಂದ ನಡೆಯಿತು ಎಂದು ನಾನು ನೆನಪಿಸಿದಾಗ, “ಆತನೇ ತಂದೆ” ಎಂದರು.

ಎಲ್ಲಕ್ಕೂ ಕಳಶವಿಟ್ಟದ್ದು ಒಂದು ಪತ್ತೇದಾರಿ ಕಾದಂಬರಿ. ಅದರ ಹೆಸರು ಹೇಳಿದರೆ ಕೊಲೆಗಾರನ ಹೆಸರನ್ನೂ ಹೇಳಿದಂತಾಗುತ್ತದೆ, ಆದ್ದರಿಂದ ಹೇಳುವುದಿಲ್ಲ. ಹೊಸ ಪುಸ್ತಕ, ಚುರುಕಾದ ಬರವಣಿಗೆ, ಪಾದ್ರಿಯೊಬ್ಬರ ಮನೆಯ ಹಿತ್ತಲಿನಲ್ಲಿ ನಡೆದ ಕೊಲೆ. ಅದರಲ್ಲೊಬ್ಬ ತೋಟಗಾರ ಬರುತ್ತಾನೆ. ಮಿತಭಾಷಿ, ಮಕ್ಕಳಿಗೆ ಹೂವು ಕೊಡುವವನು, ಬಲ ಅಂಗೈಯಲ್ಲಿ ಹಳೆಯ ಗಾಯದ ಗುರುತುಳ್ಳವನು. ಹಿರಿಯರು ಎರಡನೆಯ ಅಧ್ಯಾಯಕ್ಕೇ ನನಗೆ ಫೋನ್ ಮಾಡಿದರು. “ಸಿಕ್ಕಿದರು ಸಿಸ್ಟರ್,” ಎಂದರು. ಯೋಹಾನನ ಸುವಾರ್ತೆಯ ಇಪ್ಪತ್ತನೆಯ ಅಧ್ಯಾಯದಲ್ಲಿ ಮಗ್ದಲದ ಮರಿಯಳು ಸಮಾಧಿಯ ಬಳಿ ಕರ್ತನನ್ನು ಕಂಡು ತೋಟಗಾರನೆಂದೇ ಭಾವಿಸುವುದಿಲ್ಲವೇ, ಸಾಲದ್ದಕ್ಕೆ ಅಂಗೈಯ ಗಾಯ ಬೇರೆ, ಇನ್ನೇನು ಪುರಾವೆ ಬೇಕು ಎಂಬುದು ಅವರ ವಾದ. ಕೊನೆಯ ಪುಟವನ್ನು ಓದಿದ್ದ ನನಗೂ ಒಂದು ಕ್ಷಣ ಹೌದಲ್ಲ ಎನ್ನಿಸಿತು. “ಸ್ವಲ್ಪ ನಿಧಾನಿಸಿ ಅಂಕಲ್, ಇನ್ನೂ ಬಹಳ ಪುಟಗಳಿವೆ,” ಎಂದೆ. ಅವರು ನಿಧಾನಿಸಲಿಲ್ಲ.

ಬಳಗ ಮತ್ತೆ ಸೇರಿದ ದಿನ, ಪ್ರಾರ್ಥನೆಗೆ ಮುನ್ನ ನಾಲ್ಕು ಮಾತು ಆಡುತ್ತೇನೆಂದು ಎದ್ದು ನಿಂತವರು, ಅರ್ಧ ಓದಿದ್ದ ಆ ಪುಸ್ತಕವನ್ನು ಎದೆಗೆ ಆನಿಸಿಕೊಂಡು ತೋಟಗಾರನ ಗುಣಗಾನ ಆರಂಭಿಸಿದರು. ಅವನ ಮೌನ, ಅವನ ಸಹನೆ, ಮುಂಜಾನೆ ಎಲ್ಲರಿಗಿಂತ ಮೊದಲು ಏಳುವ ಅವನ ಶ್ರದ್ಧೆ. ಬಳಿಕ ಅವನ ಸೊಂಟದಲ್ಲಿ ಸದಾ ತೂಗಾಡುವ ಗಿಡ ಸವರುವ ಕತ್ತರಿಗೆ ಬಂದರು. ಫಲ ಕೊಡದ ಕೊಂಬೆಯನ್ನು ಆತನು ತೆಗೆದುಹಾಕುತ್ತಾನೆ ಎಂಬ ವಾಕ್ಯವನ್ನು ಉಲ್ಲೇಖಿಸಿ, ನಾವೆಲ್ಲರೂ ಆ ಕತ್ತರಿಗೆ ಸಂತೋಷದಿಂದ ನಮ್ಮನ್ನು ಒಪ್ಪಿಸಿಕೊಳ್ಳಬೇಕು ಎಂದರು. ಕಾದಂಬರಿಯನ್ನು ಅದಾಗಲೇ ಓದಿ ಮುಗಿಸಿದ್ದವರಿಗೆ, ಕೊಲೆ ನಡೆದದ್ದು ಅದೇ ಕತ್ತರಿಯಿಂದ ಎಂದು ಗೊತ್ತಿತ್ತು. ಒಬ್ಬರು ಕೈವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ಹೊರಗೆ ಹೋದರು, ಇನ್ನೊಬ್ಬರು ಸತ್ಯವೇದವನ್ನು ಮುಖದ ಮಟ್ಟಕ್ಕೆ ಎತ್ತಿಕೊಂಡರು, ಸಭಾಪಾಲಕರು ಮಾತ್ರ ಪುಸ್ತಕವನ್ನು ಓದಿರಲಿಲ್ಲವಾದ್ದರಿಂದ ಭಕ್ತಿಯಿಂದ ಆಮೆನ್ ಎಂದರು.

ಎರಡು ದಿನಗಳಾದ ಮೇಲೆ ರಾತ್ರಿ ಬಹಳ ಹೊತ್ತಾಗಿ ಫೋನ್ ಬಂತು. “ಸಿಸ್ಟರ್, ಅವನು ಕೊಂದಿದ್ದಾನೆ,” ಎಂದರು. ಆ ದನಿಯಲ್ಲಿ ಇದ್ದದ್ದು ಕೋಪಕ್ಕಿಂತ ಹೆಚ್ಚಾಗಿ ನಂಬಿ ಮೋಸಹೋದವರ ಸಂಕಟ. ಮರುದಿನವೇ ಸಭಾಪಾಲಕರಿಗೆ ಪತ್ರ ಹೋಯಿತು, ಇಂಥ ಪುಸ್ತಕಗಳು ನಮ್ಮ ಕಪಾಟಿಗೆ ಹೇಗೆ ಬರುತ್ತವೆ ಎಂಬ ವಿಚಾರಣೆ ನನ್ನ ಬಳಿಗೆ ಬಂತು, ಆ ಕೊಲೆಗಾರನನ್ನು ಕರ್ತನ ಸ್ಥಾನಕ್ಕೆ ಏರಿಸಿದ್ದು ಲೇಖಕರೂ ಅಲ್ಲ, ನಾನೂ ಅಲ್ಲ ಎಂದು ವಿವರಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಇನ್ನಾದರೂ ಹಿರಿಯರು ಕಥೆಯನ್ನು ಕಥೆಯಾಗಿ ಓದುತ್ತಾರೆ ಎಂದು ನಾನು ಆಶಿಸುತ್ತಿರುವಾಗಲೇ ಅವರು ಚೇತರಿಸಿಕೊಂಡು ಬಂದರು. ಸೈತಾನನೂ ಬೆಳಕಿನ ದೂತನ ವೇಷ ಹಾಕಿಕೊಳ್ಳುತ್ತಾನೆಂದು ಪೌಲನು ಕೊರಿಂಥದವರಿಗೆ ಬರೆದಿರುವುದು ಸುಳ್ಳಲ್ಲ. ತೋಟಗಾರ ಕಳ್ಳ ಕ್ರಿಸ್ತ ಎಂಬುದು ಹೊಸ ತೀರ್ಪು. ಹಾಗಾದರೆ ನಿಜವಾದವರು ಯಾರು ಎಂದು ಪತ್ತೆಹಚ್ಚಲು ಮೊದಲ ಪುಟದಿಂದ ಮತ್ತೆ ಓದುತ್ತಿದ್ದಾರೆ. ಸದ್ಯಕ್ಕೆ ಅಂಚೆಯವನ ಮೇಲೆ ಅವರ ಕಣ್ಣಿದೆ.

ನನಗೆ ನಗು ಬರುತ್ತದೆ, ಅದರ ಹಿಂದೆಯೇ ಸಿಟ್ಟೂ ಬರುತ್ತದೆ. ಲೂಯಿಸ್ ಅವರೇ ಹೇಳಿಕೊಂಡಿರುವ ಪ್ರಕಾರ, ನಾರ್ನಿಯಾ ಹುಟ್ಟಿದ್ದು ಒಂದು ಚಿತ್ರದಿಂದ. ಹಿಮ ಬಿದ್ದ ಕಾಡಿನಲ್ಲಿ ಕೊಡೆಯನ್ನೂ ಪೊಟ್ಟಣಗಳನ್ನೂ ಹಿಡಿದು ನಡೆಯುವ, ಅರ್ಧ ಮನುಷ್ಯ ಅರ್ಧ ಮೇಕೆಯಾದ ಜೀವಿಯೊಂದು ಅವರ ಹದಿನಾರರ ಹರೆಯದಿಂದಲೂ ಮನಸ್ಸಿನಲ್ಲಿತ್ತು. ಸಿಂಹ ಬಂದದ್ದು ಬಹಳ ತಡವಾಗಿ. ನಾನು ಆ ಪುಸ್ತಕವನ್ನು ಮೊದಲು ಓದಿದಾಗ ಸಿಂಹ ಯಾರೆಂದು ನನಗೆ ಯಾರೂ ಹೇಳಿರಲಿಲ್ಲ. ಅದನ್ನು ಕಟ್ಟಿಹಾಕಿ, ಅದರ ಕೇಸರವನ್ನು ಬೋಳಿಸಿ, ಈಗ ಬೆಕ್ಕಿನಂತೆ ಕಾಣುತ್ತದೆಂದು ವೈರಿಗಳು ಗೇಲಿ ಮಾಡುವಾಗ, ಹೊದಿಕೆಯನ್ನು ಬಾಯಿಗೆ ತುರುಕಿಕೊಂಡು ಅತ್ತಿದ್ದೆ. ಒಂದು ಸಿಂಹಕ್ಕಾಗಿ, ಸಿಂಹಕ್ಕಾಗಿಯೇ ಅತ್ತಿದ್ದೆ. ಮರುದಿನ ನನ್ನ ಕೆಂಪಾದ ಕಣ್ಣು ನೋಡಿ ದೊಡ್ಡವರೊಬ್ಬರು ಪ್ರೀತಿಯಿಂದಲೇ ಅರ್ಥ ಬಿಡಿಸಿ ಹೇಳಿದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಆಮೇಲೆ ಎಷ್ಟು ಸಲ ಆ ಅಧ್ಯಾಯಕ್ಕೆ ಮರಳಿದರೂ ನನಗೆ ಕಾಣುವುದು ಪಾಠವೇ. ನೆಲದ ಮೇಲೆ ಉದುರಿದ ಆ ಕೂದಲು ಮತ್ತೆ ಕಾಣಲಿಲ್ಲ.

ಚಿಕ್ಕವರು ಈ ವಿಷಯದಲ್ಲಿ ನಮಗಿಂತ ಜಾಣರು. ಬಳಗಕ್ಕೆ ತಾಯಿಯೊಂದಿಗೆ ಬರುವ ಹನ್ನೆರಡರ ಹುಡುಗಿಯೊಬ್ಬಳು, ಕಥೆಯಲ್ಲಿ ಅಜ್ಜಿಯೋ ಪಾದ್ರಿಯೋ ಬಾಯಿ ತೆರೆದು ಹತ್ತು ಸಾಲು ಮೀರಿದರೆ ಪುಟ ತಿರುಗಿಸಿಬಿಡುತ್ತಾಳೆ. ಏಕೆಂದು ಕೇಳಿದ್ದಕ್ಕೆ, “ಅಲ್ಲಿ ಮಾತಾಡ್ತಿರೋದು ಅಜ್ಜಿ ಅಲ್ಲ ಆಂಟಿ, ಬರೆದವರು,” ಎಂದಳು. ವಿಮರ್ಶಕರು ಒಂದು ಪ್ರಬಂಧದಲ್ಲಿ ಹೇಳುವುದನ್ನು ಅವಳು ಉಗುರು ಕಚ್ಚುತ್ತ ಹೇಳಿ ಮುಗಿಸಿದಳು. ಅವಳಿಗೆ ನಾನು ಮೆಡಲೀನ್ ಲೆಂಗಲ್ ಅವರ ‘ಎ ರಿಂಕಲ್ ಇನ್ ಟೈಮ್’ ಕೊಟ್ಟೆ. 1962ರ ಪುಸ್ತಕ, ಮರುವರ್ಷ ಅಮೆರಿಕದ ಮಕ್ಕಳ ಸಾಹಿತ್ಯಕ್ಕೆ ಕೊಡುವ ನ್ಯೂಬರಿ ಪದಕ ಪಡೆದದ್ದು. ಬೈಬಲಿನ ಮಾತುಗಳು ಕಥೆಯೊಳಗೇ ಹೆಣೆದುಕೊಂಡಿದ್ದರೂ, ಭಕ್ತರೇ ಅದನ್ನು ಗ್ರಂಥಾಲಯಗಳಿಂದ ತೆಗೆಸಲು ಹೊರಟ ಪ್ರಸಂಗಗಳುಂಟು. ಅದರ ನಾಯಕಿಗೆ ಕಷ್ಟದ ಪಯಣಕ್ಕೆ ಹೊರಡುವಾಗ ಉಡುಗೊರೆಯಾಗಿ ಸಿಗುವುದು ಅವಳದೇ ದೋಷಗಳು. ಹುಡುಗಿ ಅದನ್ನು ಓದಿ, ತನ್ನ ಬಳಿ ಅಂಥ ಉಡುಗೊರೆಗಳು ಬೇಕಾದಷ್ಟಿವೆ ಎಂದು ತಾಯಿಗೆ ತಿಳಿಸಿದಳಂತೆ. ತಾಯಿ ನನ್ನೊಡನೆ ಮಾತು ಕಡಿಮೆ ಮಾಡಿದ್ದಾರೆ.

ನಿಜಕ್ಕೂ ಹೊಸದು ಬೇಕೆನ್ನುವವರನ್ನು ನಾನು ಕ್ರೈಸ್ತ ಕಾದಂಬರಿಗಳಿಗೆಂದೇ ಇರುವ ಕ್ರಿಸ್ಟಿ ಪ್ರಶಸ್ತಿಯ ಪಟ್ಟಿಗಳ ಕಡೆಗೆ ತಳ್ಳುತ್ತೇನೆ. ಕ್ಯಾಥರೀನ್ ಮಾರ್ಷಲ್ ಅವರ 1967ರ ‘ಕ್ರಿಸ್ಟಿ’ ಕಾದಂಬರಿಯ ಹೆಸರಿನಲ್ಲಿ 1999ರಲ್ಲಿ ಆರಂಭವಾದ ಈ ಪ್ರಶಸ್ತಿಯಲ್ಲಿ ಯುವ ಓದುಗರಿಗೆ ಒಂದು ವಿಭಾಗವಿದೆ, ಚೊಚ್ಚಲ ಕಾದಂಬರಿಗೆ ಇನ್ನೊಂದು. ನಾನು ಮೊದಲು ನೋಡುವುದು ಚೊಚ್ಚಲದ್ದನ್ನೇ, ಏಕೆಂದರೆ ಅಜ್ಜಿಯ ಭಾಷಣವನ್ನು ಎಲ್ಲಿ ಸೇರಿಸಬೇಕೆಂದು ಹೊಸಬರಿಗೆ ಇನ್ನೂ ಯಾರೂ ಕಲಿಸಿರುವುದಿಲ್ಲ. ಪುಸ್ತಕ ಕೈಗೆ ಬಂದ ಮೇಲೆ, ದೇವರನ್ನು ನಂಬದ ಪಾತ್ರಕ್ಕೆ ಲೇಖಕರು ಒಂದಾದರೂ ಒಳ್ಳೆಯ ಮಾತು ಕೊಟ್ಟಿದ್ದಾರೆಯೇ, ಉತ್ತರ ಸಿಗದ ಪ್ರಾರ್ಥನೆ ಒಂದಾದರೂ ಇದೆಯೇ ಎಂದು ಹುಡುಕುತ್ತೇನೆ. ಎರಡೂ ಇಲ್ಲದಿದ್ದರೆ ಅದನ್ನು ಕಪಾಟಿನ ಕೆಳಗಿನ ಅರೆಗೆ ಕಳಿಸುತ್ತೇನೆ. ಎಲ್ಲಕ್ಕಿಂತ ಹೆಚ್ಚು ಬೇಡಿಕೆ ಇರುವುದು ಆ ಅರೆಗೇ ಎಂಬುದು ಬೇರೆ ಮಾತು.

ಕ್ರೈಸ್ತ ಕಾದಂಬರಿಗಳ ಸಾಲಿನಲ್ಲಿ ಸಾಮಾನ್ಯವಾಗಿ ಯಾರೂ ಇಡದ, ಹೊಸದೆಂದೂ ಹೇಳಲಾಗದ ಒಂದು ಪುಸ್ತಕವನ್ನು ಈಚೆಗೆ ಎಲ್ಲರ ಮೇಲೂ ಹೇರಿದೆ. ಮೆರಿಲಿನ್ ರಾಬಿನ್ಸನ್ ಅವರ ‘ಗಿಲಿಯಡ್’ 2004ರಲ್ಲಿ ಬಂದು ಮರುವರ್ಷ ಪುಲಿಟ್ಜರ್ ಪಡೆದದ್ದು. ಸಾವಿನ ಸಮೀಪದಲ್ಲಿರುವ ಮುದಿ ಪಾದ್ರಿಯೊಬ್ಬರು ತಮ್ಮ ಪುಟ್ಟ ಮಗನಿಗೆ ಬರೆದಿಡುವ ದೀರ್ಘ ಪತ್ರ ಅದು. ಅಧ್ಯಾಯಗಳೇ ಇಲ್ಲ, ಎಲ್ಲಿ ನಿಲ್ಲಿಸುವುದು ಎಂಬ ದೂರು ಮೊದಲು ಬಂತು. ಏನೂ ನಡೆಯುವುದಿಲ್ಲ ಎಂಬುದು ಎರಡನೆಯದು. ಆದರೆ ಅದರ ಆರಂಭದಲ್ಲಿ ಒಂದು ಪ್ರಸಂಗವಿದೆ. ಪಾದ್ರಿ ಹುಡುಗನಾಗಿದ್ದಾಗ ಗೆಳೆಯರೊಂದಿಗೆ ಸೇರಿ ಬೆಕ್ಕಿನ ಮರಿಗಳ ಹಣೆಗೆ ನೀರು ಹಚ್ಚಿ, ತಂದೆ ಮಗ ಪವಿತ್ರಾತ್ಮನ ಹೆಸರಿನಲ್ಲಿ ದೀಕ್ಷಾಸ್ನಾನ ಮಾಡಿಸುತ್ತಿರುವಾಗ, ತಾಯಿ ಬೆಕ್ಕು ಬಂದು ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಹೋಗುತ್ತದೆ. ಯಾವುದಕ್ಕೆ ಆಯಿತು, ಯಾವುದಕ್ಕೆ ಆಗಲಿಲ್ಲ ಎಂಬ ಲೆಕ್ಕವೇ ತಪ್ಪಿಹೋಗುತ್ತದೆ.

ಚರ್ಚೆಗೆಂದು ಸೇರಿದ ದಿನ ಬಳಗ ಆ ಪುಟವನ್ನು ದಾಟಲೇ ಇಲ್ಲ. ಹಣೆಗೆ ನೀರು ಹಚ್ಚಿದರೆ ಅದು ದೀಕ್ಷಾಸ್ನಾನವೇ, ಪೂರ್ತಿ ಮುಳುಗಿಸಬೇಕಿತ್ತಲ್ಲವೇ ಎಂದು ಒಬ್ಬರು ಆರಂಭಿಸಿದರು. ಬೆಕ್ಕನ್ನು ಮುಳುಗಿಸಿ ನೋಡಿ, ಆಮೇಲೆ ಮಾತನಾಡೋಣ ಎಂದು ಬೆಕ್ಕು ಸಾಕಿರುವ ಇನ್ನೊಬ್ಬರು ತಿರುಗಿಬಿದ್ದರು. ದೀಕ್ಷೆ ತಪ್ಪಿಹೋದ ಮರಿಗಳ ಗತಿಯೇನು ಎಂಬ ಪ್ರಶ್ನೆಗೆ ಸಭಾಪಾಲಕರು ಗಡಿಯಾರ ನೋಡಿಕೊಂಡರು. ಸಾಯುತ್ತಿರುವ ತಂದೆಯ ಬಗ್ಗೆ, ಆ ಮಗನ ಬಗ್ಗೆ, ನಾನು ಗುರುತು ಮಾಡಿಟ್ಟುಕೊಂಡಿದ್ದ ಪುಟಗಳ ಬಗ್ಗೆ ಒಂದು ಮಾತೂ ಬರಲಿಲ್ಲ. ಗಿಲಿಯಡ್ ಎಂಬ ಆ ಊರಿನ ಜನರನ್ನೇ ಕುರಿತ ಇನ್ನೂ ಮೂರು ಕಾದಂಬರಿಗಳಿವೆ, ಕೊನೆಯದು 2020ರದ್ದು, ಬೇಕಿದ್ದರೆ ತರಿಸುತ್ತೇನೆ ಎಂದೆ. ಅವುಗಳಲ್ಲಿ ಬೆಕ್ಕಿನ ಮರಿಗಳ ವಿಷಯ ಇತ್ಯರ್ಥವಾಗಿದೆಯೇ ಎಂದು ಹಿರಿಯರು ಕೇಳಿದರು. ಇಲ್ಲ ಎಂದೆ. ಹಾಗಾದರೆ ಬೇಡ ಎಂದರು.