ಹನನ್ಯನ ಎರಡು ವರ್ಷ, ಯೆರೆಮೀಯನ ಎಪ್ಪತ್ತು ವರ್ಷ

ನಮ್ಮ ಅನೇಕ ಸಭೆಗಳಲ್ಲಿ ಡಿಸೆಂಬರ್ 31ರ ರಾತ್ರಿಯ ಆರಾಧನೆಯ ಕೊನೆಗೆ ಹೊಸ ವರ್ಷದ ವಾಗ್ದಾನದ ಕಾರ್ಡುಗಳನ್ನು ಹಂಚುತ್ತಾರೆ. ಬೈಬಲಿನ ಯೆರೆಮೀಯ ಗ್ರಂಥದ 29:11ನೆಯ ವಚನ ಸಿಕ್ಕವರ ಮುಖ ಅರಳುತ್ತದೆ. ತನ್ನ ಜನರ ವಿಷಯದಲ್ಲಿ ತನಗಿರುವುದು ಹಿತದ ಯೋಚನೆಗಳೇ ಹೊರತು ಕೇಡಿನವಲ್ಲ ಎಂದು ದೇವರು ಅಲ್ಲಿ ಹೇಳುತ್ತಾನೆ. ಕಾರ್ಡಿನ ಬಗ್ಗೆ ನನಗೆ ತಕರಾರಿಲ್ಲ. ಕಾಯಿಲೆ ಬಿದ್ದವರ ಮನೆಯ ಗೋಡೆಯಲ್ಲಿ ಅದು ಎಷ್ಟು ಧೈರ್ಯ ಕೊಡುತ್ತದೆಂಬುದನ್ನು ಬಲ್ಲೆ. ಆದರೆ ಅದಕ್ಕೆ ಮುಂಚಿನ ಹತ್ತನೆಯ ವಚನವನ್ನು ಯಾರೂ ಅಚ್ಚು ಹಾಕಿಸುವುದಿಲ್ಲ. ಅಲ್ಲಿರುವುದು ಸೆರೆ ಹೋದವರು ಹಿಂದಿರುಗಲು ಕಾಯಬೇಕಾದ 70 ವರ್ಷಗಳ ಲೆಕ್ಕ.

ಕ್ರಿ.ಪೂ. 597ರಲ್ಲಿ ಬಾಬೆಲಿನ (ಬ್ಯಾಬಿಲೋನಿನ) ಅರಸ ನೆಬೂಕದ್ನೆಚ್ಚರನು ಯೆರೂಸಲೇಮಿನಿಂದ ಅರಸನನ್ನೂ ರಾಜಮಾತೆಯನ್ನೂ ಕಮ್ಮಾರರೇ ಮೊದಲಾದ ಕುಶಲಕರ್ಮಿಗಳನ್ನೂ ಬಾಬೆಲಿಗೆ ಸೆರೆ ಒಯ್ದನು. ಹಾಗೆ ಹೋದವರಿಗೆ ಪ್ರವಾದಿ ಯೆರೆಮೀಯನು ಬರೆದ ಪತ್ರದಲ್ಲಿ ಈ ವಾಗ್ದಾನ ಬರುತ್ತದೆ. ಮನೆ ಕಟ್ಟಿಕೊಳ್ಳಿರಿ, ತೋಟ ಮಾಡಿರಿ, ಮಕ್ಕಳಿಗೆ ಮದುವೆ ಮಾಡಿಸಿರಿ, ನಿಮ್ಮನ್ನು ಸೆರೆ ಒಯ್ದ ಆ ಪಟ್ಟಣಕ್ಕಾಗಿಯೇ ಪ್ರಾರ್ಥಿಸಿರಿ ಎಂಬುದು ಪತ್ರದ ತಾತ್ಪರ್ಯ. ಅದನ್ನು ಓದಿಸಿ ಕೇಳಿದ ಹಿರಿಯರಲ್ಲಿ ಹೆಚ್ಚಿನವರು ಪರದೇಶದ ಮಣ್ಣಿನಲ್ಲಿಯೇ ಸಾಯಬೇಕಾಗಿತ್ತು. ಆದರೂ ಆ ಮಾತು ಅವರಿಗೂ ಸೇರಿದ ವಾಗ್ದಾನವೇ ಆಗಿತ್ತು.

ಇದರ ಹಿಂದಿನ ಅಧ್ಯಾಯದಲ್ಲಿ ಹನನ್ಯನೆಂಬ ಪ್ರವಾದಿಯಿದ್ದಾನೆ. ದೇವಾಲಯದ ಪಾತ್ರೆಗಳೂ ಅರಸನೂ ಸೆರೆಯಾದವರೆಲ್ಲರೂ ಎರಡೇ ವರ್ಷಗಳಲ್ಲಿ ಹಿಂದಿರುಗುವರೆಂದು ಅವನು ಜನರ ಮುಂದೆ ಸಾರಿ, ಬಾಬೆಲಿಗೆ ಅಧೀನರಾಗಿರಬೇಕೆಂಬುದರ ಗುರುತಾಗಿ ಯೆರೆಮೀಯನ ಕೊರಳಲ್ಲಿದ್ದ ಮರದ ನೊಗವನ್ನೇ ಮುರಿದುಹಾಕಿದನು. ಯೆರೆಮೀಯನು ಮೊದಲು ಹೇಳಿದ್ದು 'ಆಮೆನ್' ಎಂದೇ. ಹಾಗೆಯೇ ಆಗಬೇಕೆಂಬ ಆಸೆ ಅವನಿಗೂ ಇತ್ತೆಂದು ನಾನು ಭಾವಿಸುತ್ತೇನೆ. ಆದರೆ ಆ ಮಾತು ದೇವರದ್ದಾಗಿರಲಿಲ್ಲ.

ಇಂದು ನಮ್ಮ ಕೂಟಗಳಲ್ಲಿ ಕೇಳಿಬರುವ ಎಷ್ಟೋ ವಾಗ್ದಾನದ ಪ್ರಸಂಗಗಳು ಹನನ್ಯನ ಧಾಟಿಯವು ಎಂದರೆ ಕೆಲವರಿಗೆ ನೋವಾಗಬಹುದು, ಆದರೂ ಹೇಳುತ್ತೇನೆ. ಈ ವರ್ಷವೇ ಸಂತಾನ, ಈ ತಿಂಗಳೇ ವೀಸಾ ಎಂದು ಗಡುವು ಹಾಕಿಕೊಡುವವರು, ಗಡುವು ಮೀರಿದಾಗ 'ನಿಮ್ಮ ನಂಬಿಕೆ ಸಾಲದು' ಎಂದು ಹೊರೆಯನ್ನು ಪ್ರಾರ್ಥಿಸಿದವರ ತಲೆಗೇ ಕಟ್ಟುತ್ತಾರೆ. ಅಲ್ಲಿಂದ ಮುಂದೆ ಆ ವಿಶ್ವಾಸಿಯ ಕಣ್ಣು ವಾಗ್ದಾನ ಮಾಡಿದಾತನನ್ನು ಬಿಟ್ಟು ತನ್ನ ನಂಬಿಕೆಯ ಅಳತೆಯ ಮೇಲೆ ನೆಡುತ್ತದೆ. ಆ ಅಳತೆಯಾದರೋ ದಿನಕ್ಕೊಂದು ಬಗೆ. 'ನಂಬುತ್ತೇನೆ, ನನಗೆ ನಂಬಿಕೆ ಕಡಿಮೆಯಿದ್ದರೆ ಸಹಾಯಮಾಡು' ಎಂಬರ್ಥದಲ್ಲಿ ಕೂಗಿಕೊಂಡ ತಂದೆಯ ಮಗನನ್ನು ಯೇಸು ಗುಣಪಡಿಸಿದನೆಂದು ಮಾರ್ಕನು ಬರೆದಿದ್ದಾನೆ. ಆ ತಂದೆಗೆ ಆಸರೆಯಾದದ್ದು ಎದುರಿಗೆ ನಿಂತಾತನೇ ಹೊರತು ಅವನ ಅರೆಬರೆ ನಂಬಿಕೆಯಲ್ಲ.

ಪ್ರಾಮಾಣಿಕತೆಯ ವಿಷಯವೂ ಇದಕ್ಕೆ ಹೊಂದಿಕೊಂಡಿದೆ. ಸಾಕ್ಷಿ ಹೇಳುವ ಹೊತ್ತಿನಲ್ಲಿ ಮೈಕು ಸಿಗುವುದು ಉತ್ತರ ಪಡೆದವರಿಗೆ ಮಾತ್ರ. ಇನ್ನೂ ಕಾಯುತ್ತಿರುವವರು ಹಿಂದಿನ ಬೆಂಚಿನಲ್ಲಿ ಸುಮ್ಮನಿರುತ್ತಾರೆ. ಆದರೆ ಸತ್ಯವೇದ ಹಾಗೆ ಸೋಸಿಲ್ಲ. 88ನೆಯ ಕೀರ್ತನೆ ಕತ್ತಲಲ್ಲಿಯೇ ಮುಗಿಯುತ್ತದೆ, ಕೊನೆಗೊಂದು ಸ್ತೋತ್ರವೂ ಇಲ್ಲ. ಯೆರೆಮೀಯನು ತಾನು ಹುಟ್ಟಿದ ದಿನವನ್ನು ಶಪಿಸಿದ್ದಾನೆ, ನೀನು ನನ್ನನ್ನು ಮರುಳುಗೊಳಿಸಿದೆ ಎಂದು ದೇವರ ಮೇಲೆಯೇ ದೂರು ಹೊರಿಸಿದ್ದಾನೆ. ಅಷ್ಟಾದರೂ ಅವನ ಪ್ರಾರ್ಥನೆ ನಿಲ್ಲಲಿಲ್ಲ. ಇಷ್ಟು ಬಿಚ್ಚಿ ಮಾತಾಡುವ ಸಲಿಗೆ ಬರುವುದು ಸಂಬಂಧ ಮುರಿಯದೆಂಬ ಭರವಸೆ ಇದ್ದಾಗಲೇ.

ವಾಗ್ದಾನವನ್ನು ನಂಬುವುದು ಹೇಗಿರುತ್ತದೆಂದು ನೋಡಬೇಕಾದರೆ ಯೆರೆಮೀಯನ ಗ್ರಂಥದ 32ನೆಯ ಅಧ್ಯಾಯವನ್ನು ಓದಬೇಕು. ಬಾಬೆಲಿನ ಸೈನ್ಯ ಯೆರೂಸಲೇಮನ್ನು ಮುತ್ತಿದೆ, ಯೆರೆಮೀಯನು ಕಾರಾಗೃಹದ ಅಂಗಳದಲ್ಲಿದ್ದಾನೆ. ಆಗ ಸೋದರ ಸಂಬಂಧಿಯಾದ ಹನಮೇಲನು ಬಂದು ಅನಾತೋತಿನ ತನ್ನ ಹೊಲವನ್ನು ಕೊಂಡುಕೋ ಎನ್ನುತ್ತಾನೆ. ದೇವರ ಮಾತಿನಂತೆ ಯೆರೆಮೀಯನು 17 ಶೆಕೆಲ್ ಬೆಳ್ಳಿ ತೂಗಿ ಕೊಟ್ಟು, ಸಾಕ್ಷಿಗಳನ್ನು ಹಾಕಿಸಿ, ಕ್ರಯಪತ್ರವನ್ನು ಮಣ್ಣಿನ ಗಡಿಗೆಯಲ್ಲಿಡಲು ತನ್ನ ಲೇಖಕನಾದ ಬಾರೂಕನಿಗೆ ಹೇಳುತ್ತಾನೆ. ಪಟ್ಟಣ ಶತ್ರುವಿನ ಪಾಲಾಗುತ್ತಿರುವಾಗ ಹೊಲ ಕೊಂಡುಕೋ ಎಂದೆಯಲ್ಲಾ ಎಂಬ ದಿಗಿಲಿನ ಪ್ರಾರ್ಥನೆ ಬರುವುದು ಕ್ರಯವೆಲ್ಲ ಮುಗಿದ ಮೇಲೆ. ತನಗೆ ಅಸಾಧ್ಯವಾದದ್ದುಂಟೋ ಎಂದು ಕೇಳಿದ ದೇವರು, ಆ ಮಾತಿನ ಬೆನ್ನಿಗೇ ಪಟ್ಟಣ ಸುಟ್ಟುಹೋಗುವುದೆಂದೂ, ಬಳಿಕ ಇದೇ ನಾಡಿನಲ್ಲಿ ಜನರು ಮತ್ತೆ ಹಣಕೊಟ್ಟು ಹೊಲಗಳನ್ನು ಕೊಂಡು ಪತ್ರ ಬರೆಸುವರೆಂದೂ ಹೇಳಿದನು. ಎರಡೂ ಒಂದೇ ಉತ್ತರದಲ್ಲಿವೆ.