ಉಲ್ಟಾ ಥ್ರೆಡ್ಡು

ಮಿಕ್ಸಿ ಹಬ್ಬದ ಬೆಳಗ್ಗೆಯೇ ಯಾಕೆ ಕೈಕೊಡುತ್ತದೆ ಎಂಬುದು ಇಲ್ಲಿ ವಿಚಾರಿಸಬೇಕಾದ ಸಂಗತಿ. ಹೂರಣದ ಬೇಳೆ ಜಾರ್‌ಗೆ ಬಿದ್ದಿದೆ, ಕುಟ್ಟಿದ ಬೆಲ್ಲ ಪಕ್ಕದಲ್ಲಿ ಕಾಯುತ್ತಿದೆ. ಸ್ವಿಚ್ಚು ತಿರುಗಿಸಿದರೆ ಮೋಟಾರು ಗುಂಯ್ ಎನ್ನುತ್ತದೆ, ಬ್ಲೇಡು ಕದಲುವುದಿಲ್ಲ. ಟರಟರ ಸದ್ದು, ಸುಟ್ಟ ರಬ್ಬರಿನ ವಾಸನೆ, ಜಾರ್ ಎತ್ತಿದರೆ ಕೆಳಗೆ ಕಾಡಿಗೆಯಂಥ ಪುಡಿ. ‘ಮಿಕ್ಸಿ ಹೋಯ್ತು’ ಎಂದು ಮನೆಮಂದಿಯೆಲ್ಲ ತೀರ್ಪು ಕೊಟ್ಟಾಗುತ್ತದೆ. ಅಷ್ಟರಲ್ಲಿ ಯಾರೋ ಒಬ್ಬರು ಮೊಬೈಲಿನಲ್ಲಿ ಎಕ್ಸ್‌ಚೇಂಜ್ ಆಫರ್ ಹುಡುಕುತ್ತಿರುತ್ತಾರೆ.

ಹೋದದ್ದು ಮಿಕ್ಸಿಯಲ್ಲ, ಕಪ್ಲರ್; ಮೋಟಾರಿನ ಶಾಫ್ಟಿಗೆ, ಅಂದರೆ ತಿರುಗುವ ದಂಡಕ್ಕೆ, ಜಾರನ್ನು ಜೋಡಿಸುವ ಹಲ್ಲಿನ ಬಿಲ್ಲೆ. ನೂರು ರೂಪಾಯಿಯೊಳಗೆ ಸಿಗುವ ಈ ತುಂಡು ಇರುವುದೇ ಸಾಯಲಿಕ್ಕೆ. ಒಣ ಅರಿಸಿನದ ಕೊಂಬು ಬ್ಲೇಡಿಗೆ ಅಡ್ಡ ಸಿಕ್ಕಿಬಿದ್ದಾಗ ಏನಾದರೊಂದು ಮುರಿಯಲೇಬೇಕು. ಕಪ್ಲರಿನ ಹಲ್ಲು ಮುರಿದರೆ ಮೋಟಾರಿನ ತಿರುಗುವ ಭಾಗವಾದ ಆರ್ಮೇಚರ್ ಉಳಿಯುತ್ತದೆ, ಇಲ್ಲದಿದ್ದರೆ ತಾಮ್ರದ ತಂತಿಯ ಸುರುಳಿ, ವೈಂಡಿಂಗೇ ಸುಡುತ್ತದೆ. ಮೂಗಿದ್ದವರಿಗೆ ವ್ಯತ್ಯಾಸ ತಿಳಿಯುತ್ತದೆ: ಸುಟ್ಟದ್ದು ರಬ್ಬರಾದರೆ ಕಪ್ಲರ್, ಘಾಟು ವಾರ್ನಿಶ್ಶಾದರೆ ವೈಂಡಿಂಗ್. ವಾಸನೆಯೂ ಇಲ್ಲ, ಸದ್ದೂ ಇಲ್ಲ ಎಂದಾದರೆ ಮಿಕ್ಸಿಯನ್ನು ಬೋರಲು ಹಾಕಿ ಕೆಂಪು ಗುಂಡಿ ಹುಡುಕಬೇಕು. ಅದು ಓವರ್‌ಲೋಡ್ ಸ್ವಿಚ್ಚು. ಐದು ನಿಮಿಷ ತಣಿಯಲು ಬಿಟ್ಟು ಒತ್ತಿದರೆ ‘ಸತ್ತ’ ಎಷ್ಟೋ ಮಿಕ್ಸಿಗಳು ಎದ್ದು ಕೂರುತ್ತವೆ.

ಇನ್ನು ಕಪ್ಲರ್ ಬಿಚ್ಚುವುದು. ಮಾನಭಂಗ ಶುರುವಾಗುವುದು ಇಲ್ಲೇ. ಇಕ್ಕಳ ಹಿಡಿದು ಬಂದವರೆಲ್ಲ ಅದನ್ನು ಎಡಕ್ಕೆ ತಿರುವುತ್ತಾರೆ. ನಲ್ಲಿ, ಬಾಟಲಿ ಮುಚ್ಚಳ, ಉಪ್ಪಿನಕಾಯಿ ಭರಣಿಗಳೆಲ್ಲ ಕೈಗೆ ಕಲಿಸಿಕೊಟ್ಟ ಪಾಠ ಅದೇ. ಆದರೆ ಬಹಳಷ್ಟು ಮಿಕ್ಸಿಗಳ ಕಪ್ಲರಿಗೆ ಇರುವುದು ಉಲ್ಟಾ ಥ್ರೆಡ್ಡು. ಎಡಕ್ಕೆ ತಿರುವಿದಷ್ಟೂ ಬಿಗಿಯುತ್ತದೆ. ಬಿಗಿದಷ್ಟೂ ಛಲ ಏರುತ್ತದೆ, ಛಲ ಏರಿದಷ್ಟೂ ಇಕ್ಕಳ ದೊಡ್ಡದಾಗುತ್ತದೆ, ಕೊನೆಗೆ ಪ್ಲಾಸ್ಟಿಕ್ಕು ಪುಡಿಯಾಗಿ ಒಳಗಿನ ಲೋಹದ ನಟ್ಟು ಮಾತ್ರ ಶಾಫ್ಟಿನ ಮೇಲೆ ಉಳಿದು ನಗುತ್ತದೆ.

ಇದು ಕಂಪನಿಯವರ ಕುಚೇಷ್ಟೆಯಲ್ಲ. ಮೋಟಾರು ಒಂದು ದಿಕ್ಕಿಗೆ ಎಳೆಯುತ್ತದೆ, ಜಾರ್‌ನೊಳಗಿನ ತೆಂಗಿನಕಾಯಿ ಅದಕ್ಕೆ ಎದುರು ನಿಲ್ಲುತ್ತದೆ. ಈ ಜಗ್ಗಾಟದಲ್ಲಿ ಕಪ್ಲರ್ ಸಡಿಲವಾಗದೆ ಬಿಗಿಯುತ್ತಲೇ ಹೋಗಲಿ ಎಂದು ಥ್ರೆಡ್ಡಿನ ದಿಕ್ಕನ್ನು ಆರಿಸಿರುತ್ತಾರೆ. ಸೂತ್ರ ಇಷ್ಟೇ: ಮೋಟಾರು ತಿರುಗುವ ದಿಕ್ಕಿಗೇ ಕಪ್ಲರನ್ನು ತಿರುಗಿಸಿದರೆ ಬಿಚ್ಚುತ್ತದೆ. ಸೈಕಲ್ಲಿನ ಎಡ ಪೆಡಲ್ಲಿಗೂ ಉಲ್ಟಾ ಥ್ರೆಡ್ಡೇ. ಟೇಬಲ್ ಫ್ಯಾನಿನ ರೆಕ್ಕೆಯ ಮುಂದಿನ ಟೋಪಿಗೂ ಸಾಮಾನ್ಯವಾಗಿ ಅದೇ. ಆ ಟೋಪಿಯನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿ ಬಿಚ್ಚುವವರೇ ಮಿಕ್ಸಿ ಮುಂದೆ ಕೂತ ತಕ್ಷಣ ಎಲ್ಲವನ್ನೂ ಮರೆಯುತ್ತಾರೆ.

ಮೊದಲು ಪ್ಲಗ್ಗು ಕಿತ್ತು ದೂರ ಇಡಬೇಕು. ತಳದ ಸ್ಕ್ರೂಗಳನ್ನು ಬಿಚ್ಚಿ, ಶಾಫ್ಟಿನ ಕೆಳತುದಿಯಲ್ಲಿ ಸೀಳು ಇದ್ದರೆ ಅಗಲ ಬಾಯಿಯ ಸ್ಕ್ರೂಡ್ರೈವರ್ ಕೂರಿಸಿ ಅಲುಗದಂತೆ ಹಿಡಿಯಬೇಕು. ಕೂಲಿಂಗ್ ಫ್ಯಾನನ್ನು ಹಿಡಿಯಬಾರದು, ಅದರ ರೆಕ್ಕೆ ಹಪ್ಪಳ. ತುಕ್ಕು ಹಿಡಿದಿದ್ದರೆ ಎರಡು ತೊಟ್ಟು ಸೀಮೆಎಣ್ಣೆ ಬಿಟ್ಟು ಅರ್ಧ ಗಂಟೆ ಕಾಯಬೇಕು. ಹೊಸದನ್ನು ಕೈಯಲ್ಲೇ ಬಿಗಿದರೆ ಸಾಕು, ಉಳಿದದ್ದನ್ನು ಮೋಟಾರೇ ನೋಡಿಕೊಳ್ಳುತ್ತದೆ.

ಹೊಸದು ಸಿಕ್ಕರೆ ತಾನೆ! ಒಂದಕ್ಕೆ ಮೂರು ದಳ, ಇನ್ನೊಂದಕ್ಕೆ ನಾಲ್ಕು. ಒಂದೇ ಕಂಪನಿಯ ಎರಡು ಮಾಡೆಲ್ಲುಗಳ ನಡುವೆ ಕೂದಲೆಳೆಯಷ್ಟು ಅಂತರ. ಬಿಡಿಭಾಗಗಳ ಸಂತೆಯಾದ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುವುದಾದರೂ ಹಳೆಯ ತುಂಡು ಜೇಬಿನಲ್ಲಿರಬೇಕು. ಫೋಟೋ ನಂಬಿ ಹೋದವರು ಬರಿಗೈಲಿ ಬಂದಿದ್ದಾರೆ. ‘ಸ್ಪೇರ್ ಬರಲ್ಲ ಸಾರ್, ಹೊಸದು ತಗೊಳ್ಳಿ’ ಎನ್ನುವ ಕೌಂಟರಿನವರಿಗೆ 2022ರಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಪೋರ್ಟಲ್ ಮಾಡಿದ್ದು ಗೊತ್ತಿದೆಯೋ ಇಲ್ಲವೋ. ಗೊತ್ತಿದ್ದರೂ ಹೂರಣಕ್ಕೆ ಪೋರ್ಟಲ್ ಹಾಕಿ ರುಬ್ಬಲಾಗುವುದಿಲ್ಲ.

ಸುಮೀತ್ ಮಿಕ್ಸಿ ಹುಟ್ಟಿದ್ದೂ ಇಂಥದೇ ಸಿಟ್ಟಿನಿಂದ. ಸೀಮೆನ್ಸ್‌ನಲ್ಲಿ ಎಂಜಿನಿಯರ್ ಆಗಿದ್ದ ಸತ್ಯಪ್ರಕಾಶ್ ಮಾಥುರ್ ಅವರ ಮನೆಯ ಜರ್ಮನ್ ಮಿಕ್ಸರ್ ನಮ್ಮ ಮಸಾಲೆಗೆ ಸೋತು ಕೆಟ್ಟಿತು, ರಿಪೇರಿಗೆ ದಾರಿ ಕಾಣಲಿಲ್ಲ. ಅವರು ನಮ್ಮ ರುಬ್ಬುವಿಕೆಗೆ ತಡೆಯುವ ಮೋಟಾರನ್ನು ತಾವೇ ಮಾಡಿದರು. 1963ರಲ್ಲಿ ಕಂಪನಿ ಶುರುವಾಯಿತು. ಎಕ್ಸ್‌ಚೇಂಜ್ ಆಫರ್ ಇದ್ದಿದ್ದರೆ ಏನಾಗುತ್ತಿತ್ತೋ.

ಕಪ್ಲರ್ ಹಾಕಿ ಮುಗಿಸಿದವರು ಜಾರ್ ಬೋರಲು ಮಾಡಿ ಕೆಳಗಿನ ಚಕ್ರವನ್ನು ಬೆರಳಲ್ಲಿ ತಿರುಗಿಸಿ ನೋಡುವುದೇ ಇಲ್ಲ. ಹಗುರಾಗಿ ತಿರುಗದಿದ್ದರೆ ಅಪರಾಧಿ ಅಲ್ಲೇ ಕೂತಿದ್ದಾನೆ: ವಾಶರ್ ಸವೆದು, ಬ್ಲೇಡಿನ ದಂಡ ಕೂತು ತಿರುಗುವ ಬುಷ್ಷಿನೊಳಗೆ ಇಳಿದ ಚಟ್ನಿಯ ಉಪ್ಪುನೀರು. ಬುಷ್ಷು ಬದಲಿಸದಿದ್ದರೆ ಹೊಸ ಕಪ್ಲರಿಗೂ ಅದೇ ಗತಿ, ಬಹುಶಃ ಮುಂದಿನ ಹಬ್ಬಕ್ಕೇ. ಹಬ್ಬದ ಬೆಳಗ್ಗೆಯೇ ಯಾಕೆ ಎಂಬುದನ್ನು ಹೇಳುವುದು ಬಾಕಿ ಇತ್ತು, ಆದರೆ ಬೇಳೆ ಆರಿ ಗಟ್ಟಿಯಾಗುತ್ತಿದೆ, ಒರಳುಕಲ್ಲಿನ ಮೇಲೆ ತುಳಸಿ ಕುಂಡ ಕೂತಿದೆ.