ಯುರೋಪಿಗೆ ಲ್ಯಾಬ್ ರಿಪೋರ್ಟ್, ನೇಪಾಳಕ್ಕೆ ಪತ್ರ

ಮಾರ್ಚ್ ಬಂತೆಂದರೆ ನೆದರ್ಲ್ಯಾಂಡ್ಸಿನ ಅಂಗಡಿಗಳಲ್ಲಿ ಭಾರತದ ದ್ರಾಕ್ಷಿ. ಎಲ್ಲರ ಬಾಯಲ್ಲೂ ನಾಸಿಕದ ಹೆಸರೇ; ತಿಕೋಟಾ, ಬಬಲೇಶ್ವರ ಅಂದೋರು ಒಬ್ಬರೂ ಇಲ್ಲ. ವಿಜಯಪುರದವರಿಗೆ ಚುರುಕ್ ಅನ್ನದೇ ಇರುತ್ತದೆಯೇ? ಆದರೂ ನಾಸಿಕದವರ ಮೇಲೆ ಸಿಟ್ಟಾಗಿ ಫಲವಿಲ್ಲ. ನಾವು ಬೆಳೆಗೆ ಹೊಡೆಯುವ ಔಷಧದ ಲೆಕ್ಕವೇ ಸರಿಯಿಲ್ಲ.

ಇಲ್ಲಿ ಯುರೋಪಿನಲ್ಲಿ ಡಚ್ಚರು, ಬೆಲ್ಜಿಯಂನವರು, ಜರ್ಮನರು ಒಬ್ಬರನ್ನೊಬ್ಬರು ಆಡಿಕೊಳ್ಳುವುದೇನೂ ಬಿಟ್ಟಿಲ್ಲ. ಆದರೆ ಹಣ್ಣಿನಲ್ಲಿ ಔಷಧ ಎಷ್ಟು ಉಳಿದಿರಬಹುದು ಅನ್ನುವುದಕ್ಕೆ 2008ರ ಸೆಪ್ಟೆಂಬರಿನಿಂದ ಎಲ್ಲರದೂ ಒಂದೇ ಮಿತಿ. ಪ್ರತ್ಯೇಕ ಮಿತಿ ಗೊತ್ತುಮಾಡದ ಔಷಧವಾದರೆ ಕಿಲೋಗೆ 0.01 ಮಿಲಿಗ್ರಾಂ. ಒಂದು ದೇಶದ ಲ್ಯಾಬಿನಲ್ಲಿ ಸಿಕ್ಕಿಬಿದ್ದ ಸರಕಿನ ಸುದ್ದಿ ನೆರೆಯವರಿಗೂ ಕೂಡಲೇ ಮುಟ್ಟುತ್ತದೆ.

2010ರಲ್ಲಿ ನಮ್ಮ ದ್ರಾಕ್ಷಿ ಇಲ್ಲಿ ಸಿಕ್ಕಿಬಿದ್ದದ್ದು ಸಿಸಿಸಿಯಿಂದ, ಅಂದರೆ ಕ್ಲೋರ್‌ಮೆಕ್ವಾಟ್ ಕ್ಲೋರೈಡ್ ಎಂಬ ಬೆಳವಣಿಗೆ ತಡೆಯುವ ಔಷಧದಿಂದ. ಏಪ್ರಿಲ್ ಚಾಟ್ನಿ (ಬಳ್ಳಿ ಸವರುವುದು) ಆದಮೇಲೆ ಚಿಗುರಿನ ಓಟ ತಡೆದು ಕಡ್ಡಿಯಲ್ಲಿ ಗೊಂಚಲು ಕಟ್ಟಲಿ ಎಂದು ಹೊಡೆಯುತ್ತಾರಲ್ಲ, ಅದೇ. ಎಲೆ ಮೇಲಿಂದ ಮಳೆಗೆ ತೊಳೆದುಹೋಗುವ ಮಾಲಲ್ಲ ಅದು. ಗಿಡದೊಳಗೇ ಉಳಿದು ತಿಂಗಳುಗಟ್ಟಲೆ ಆದಮೇಲೆ ಹಣ್ಣಿಗೆ ಇಳಿಯುತ್ತದೆ. ನಮ್ಮ ರಫ್ತಿನ ತಪಾಸಣೆ ಪಟ್ಟಿಯಲ್ಲಿ ಆಗ ಅದರ ಹೆಸರೇ ಇರಲಿಲ್ಲ. ಹುಡುಕದಿದ್ದರೆ ಸಿಗುವುದಾದರೂ ಹೇಗೆ? ಅಲ್ಲಿ ಪಾಸಾದ ಮಾಲು ಇಲ್ಲಿ ಫೇಲಾಯಿತು.

ಒಣದ್ರಾಕ್ಷಿಯ ಲೆಕ್ಕ ಇನ್ನೂ ಬಿಗಿ. ಸುಮಾರು ನಾಲ್ಕು ಕಿಲೋ ಹಣ್ಣು ಒಣಗಿದರೆ ಒಂದು ಕಿಲೋ. ನೀರು ಹಾರಿಹೋಗುತ್ತದೆ, ಔಷಧವೆಲ್ಲ ಹಾರುವುದಿಲ್ಲ. ಕಿಲೋ ಲೆಕ್ಕದಲ್ಲಿ ಕೆಲವು ಔಷಧ ಮೂರು ನಾಲ್ಕು ಪಟ್ಟು ಏರಬಹುದು. ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್, 15 ಮಿಲಿ ಡಿಪ್ಪಿಂಗ್ ಆಯಿಲ್ ಹಾಕಿ, ಒಣಗಿಸುವ ಮೊದಲು ಹಣ್ಣು ಅದ್ದುವಾಗ ಸಿಪ್ಪೆ ಮೇಲಿನದು ಒಂದಿಷ್ಟು ಹೋದೀತು, ಒಳಗೆ ಸೇರಿದ್ದು ಹೋಗದು. ಕಟಾವಿನ ಹೊತ್ತಿಗೆ ಮೋಡ ಕಟ್ಟಿತೆಂದು ಡೌನಿ ಎಂಬ ಬೂಜು ರೋಗಕ್ಕೆ ಹೆದರಿ ಹೊಡೆದರಂತೂ, ಡಬ್ಬಿ ಮೇಲೆ ಬರೆದಷ್ಟು ದಿನ ಕಾಯಲು ಯಾರಿಗೂ ಪುರುಸೊತ್ತಿಲ್ಲ. ತಾಸಗಾಂವ್ ಒಣದ್ರಾಕ್ಷಿ ಹರಾಜಿನಲ್ಲಿ ದರ ಕಟ್ಟುವುದೂ ಬಣ್ಣ, ಗಾತ್ರ ನೋಡಿ, ಔಷಧ ನೋಡಿ ಅಲ್ಲ.

ಯುರೋಪ್ ತಿರುಗಿಸಿ ಕಳಿಸಿದರೆ ಪಟ್ಟಿ ತಿದ್ದುತ್ತೇವೆ. ನೆರೆಯವರು ಕೇಳಿದರೆ? 2019ರ ಜೂನಿನಲ್ಲಿ ನೇಪಾಳ, ಹೊರಗಿನ ಹಣ್ಣು ತರಕಾರಿಗೆ ಔಷಧದ ತಪಾಸಣೆ ಆಗಲೇಬೇಕು ಎಂದಿತು. ಗಡಿಯಲ್ಲಿ ಲಾರಿಗಳು ಸಾಲುಗಟ್ಟಿದವು. ನಮ್ಮ ರಾಯಭಾರ ಕಚೇರಿಯಿಂದ ಪತ್ರ ಹೋಯಿತು, ಜುಲೈನಲ್ಲಿ ಆದೇಶ ವಾಪಸ್! ಗಡಿಯಲ್ಲಿ ತಕ್ಕ ಲ್ಯಾಬ್ ಇರಲಿಲ್ಲ ಅನ್ನುವುದು ನಿಜ. ಹಾಗಾದರೆ ಲ್ಯಾಬ್ ಕಟ್ಟಲು ಕೈಜೋಡಿಸಬಹುದಿತ್ತು. ಸಾರ್ಕ್ ದೇಶಗಳಿಗೆಂದೇ ಢಾಕಾದಲ್ಲಿ ಮಾನಕ ಸಂಸ್ಥೆಯೊಂದಿದೆ; ದ್ರಾಕ್ಷಿ, ದಾಳಿಂಬೆ, ಟೊಮೆಟೊ ಇಷ್ಟಕ್ಕೆ ಔಷಧ ಮಿತಿಯ ಒಂದೇ ಪಟ್ಟಿ ಮಾಡಿ ಶುರುಮಾಡಿದರೂ ಸಾಕು.

ಹಾಂ, ಈ ಯುರೋಪಿನವರೂ ಸಾಚಾ ಏನಲ್ಲ. ನಿಷೇಧಿಸಿದ ಔಷಧವನ್ನೇ ‘ತುರ್ತು’ ಎಂದು 120 ದಿನ ಬಳಸಲು ಬಿಟ್ಟ ದೇಶಗಳುಂಟು. ಸಕ್ಕರೆ ಬೀಟಿನ ಬೀಜಕ್ಕೆ ಬೆಲ್ಜಿಯಂ ಹಾಗೆ ಬಿಟ್ಟದ್ದು ತಪ್ಪೆಂದು ಯುರೋಪಿನ ಕೋರ್ಟು ಹೇಳಿದ್ದು 2023ರ ಜನವರಿಯಲ್ಲಿ. ಆ 0.01 ಕೂಡ ವಿಷದ ಗೆರೆಯಲ್ಲ, ಯಂತ್ರಗಳು ನಂಬಿಕೆಯಿಂದ ಅಳೆಯಬಲ್ಲ ಕನಿಷ್ಠ ಮಟ್ಟ ಅಷ್ಟೇ. ಅದನ್ನು ದಾಟಿದ ಹಣ್ಣು ತಿಂದರೆ ಕಾಯಿಲೆ ಬಿತ್ತೆಂದೇ ಅಲ್ಲ, ಮಾಲು ಮಾತ್ರ ವಾಪಸ್ ಬರುತ್ತದೆ.